ಐದು ಸೆಂಟಿನ ಬೆನ್ನ ಮೇಲಿನ ಅಕ್ಷರ

1964ರ ಇಸವಿ ಹೊತ್ತ ನಿಕಲ್ ನಾಣ್ಯಗಳನ್ನು ಅಮೆರಿಕದ ಡೆನ್ವರ್ ಟಂಕಸಾಲೆಯೊಂದೇ 178 ಕೋಟಿ 72 ಲಕ್ಷ 97 ಸಾವಿರದ 160ರಷ್ಟು ಅಚ್ಚುಹಾಕಿತು. ನಿಕಲ್ ಅಂದರೆ ಅಲ್ಲಿನವರ ಐದು ಸೆಂಟಿನ ನಾಣ್ಯ. ತೂಕ 5 ಗ್ರಾಂ, ಅಡ್ಡಳತೆ 21.21 ಮಿಲಿಮೀಟರ್, ದಪ್ಪ 1.95 ಮಿಲಿಮೀಟರ್. ಹೆಸರು ನಿಕಲ್ ಆದರೂ ಮುಕ್ಕಾಲು ಪಾಲು ತಾಮ್ರವೇ. ಡೆನ್ವರಿನ ಈ ರಾಶಿಯನ್ನು ಒಂದರ ಮೇಲೊಂದು ಪೇರಿಸುತ್ತ ಹೋದರೆ ಕಂಬದ ಎತ್ತರ 3,485 ಕಿಲೋಮೀಟರ್ ಆಗುತ್ತದೆ. ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ ಇರುವ ಉದ್ದ 3,214 ಕಿಲೋಮೀಟರ್. ಅದೇ ಇಸವಿಯಲ್ಲಿ ಫಿಲಡೆಲ್ಫಿಯಾ ಟಂಕಸಾಲೆ ಹೊರಡಿಸಿದ 102 ಕೋಟಿ ನಿಕಲ್‌ಗಳನ್ನೂ ಸೇರಿಸಿ ಎಲ್ಲವನ್ನೂ ಅಂಚಿಗೆ ಅಂಚು ತಾಗಿಸಿ ಸಾಲಾಗಿ ಇಟ್ಟರೆ ಭೂಮಧ್ಯರೇಖೆಯನ್ನು ಹೆಚ್ಚುಕಡಿಮೆ ಒಂದೂವರೆ ಸುತ್ತು ಬರುತ್ತವೆ. ತೂಗಿದರೆ 14,000 ಟನ್ನಿಗೂ ಮೇಲೆ. ಇಷ್ಟೆಲ್ಲ ಇದ್ದೂ, ಚಲಾವಣೆಯಲ್ಲಿ ಸವೆದ 1964ರ ಒಂದು ನಿಕಲ್‌ಗೆ ಅರವತ್ತು ವರ್ಷ ಕಳೆದ ಮೇಲೂ ಐದು ಸೆಂಟೇ ಬೆಲೆ.

ಈಗ 1926ಕ್ಕೆ ಹೋಗೋಣ. ಆ ವರ್ಷ ಸ್ಯಾನ್‌ಫ್ರಾನ್ಸಿಸ್ಕೋ ಟಂಕಸಾಲೆಯಿಂದ ಹೊರಬಿದ್ದ ನಿಕಲ್‌ಗಳು 9,70,000. ಒಟ್ಟು ತೂಕ 4.85 ಟನ್, ಒಂದು ಸಾಧಾರಣ ಲಾರಿ ಒಂದೇ ಸಲಕ್ಕೆ ಹೊತ್ತುಕೊಂಡು ಹೋಗುವಷ್ಟು. ಆ ಲಾರಿಯಲ್ಲಿದ್ದ ಒಂದು ನಾಣ್ಯ 2008ರ ಹರಾಜಿನಲ್ಲಿ 3,22,000 ಡಾಲರಿಗೆ ಹೋಯಿತು. ಮುಖಬೆಲೆಯ 64 ಲಕ್ಷ ಪಟ್ಟು. ಅದೇ 1926ರಲ್ಲಿ ಫಿಲಡೆಲ್ಫಿಯಾದಲ್ಲಿ ತಯಾರಾದ ನಿಕಲ್ ಇದರ ಪಕ್ಕದಲ್ಲಿಟ್ಟರೆ ಲೋಹ, ತೂಕ, ಚಿತ್ರ ಎಲ್ಲವೂ ಒಂದೇ. ಒಂದು ಮುಖದಲ್ಲಿ ಅಮೆರಿಕದ ಮೂಲನಿವಾಸಿಯ ಮುಖ, ಇನ್ನೊಂದು ಮುಖದಲ್ಲಿ ಬೈಸನ್. ಬೈಸನ್ ಇರುವ ಬದಿಯಲ್ಲಿ, ‘ಐದು ಸೆಂಟ್’ ಎಂಬ ಬರಹದ ಕೆಳಗೆ, ಎಳ್ಳುಕಾಳಿಗಿಂತ ಚಿಕ್ಕದಾದ ‘ಎಸ್’ ಅಕ್ಷರವೊಂದು ಇದೆಯೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ.

ನಾಣ್ಯ ಯಾವ ಟಂಕಸಾಲೆಯಲ್ಲಿ ಹುಟ್ಟಿತೆಂದು ಹೇಳುವ ಈ ಗುರುತು ನಮಗೂ ಹೊಸದಲ್ಲ. ಕಿಸೆಯಲ್ಲಿರುವ ರೂಪಾಯಿ ತೆಗೆದು ಇಸವಿಯ ಕೆಳಗೆ ನೋಡಿ: ವಜ್ರದಾಕಾರ ಇದ್ದರೆ ಮುಂಬಯಿ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಕೋಲ್ಕತ್ತದಂತೆಯೇ ಫಿಲಡೆಲ್ಫಿಯಾಕ್ಕೂ ಬಹುಕಾಲ ಗುರುತೇ ಇರಲಿಲ್ಲ. ಹಿರಿಯಣ್ಣ ತನ್ನ ಹೆಸರು ತಾನೇ ಏಕೆ ಹೇಳಿಕೊಳ್ಳಬೇಕು ಎಂಬ ಗತ್ತು. ಡೆನ್ವರ್‌ಗೆ ‘ಡಿ’, ಸ್ಯಾನ್‌ಫ್ರಾನ್ಸಿಸ್ಕೋಗೆ ‘ಎಸ್’.

ನಿಕಲ್ ಹುಟ್ಟಿದ್ದು 1866ರಲ್ಲಿ. ಮೊದಲ 46 ವರ್ಷ ಅದನ್ನು ಫಿಲಡೆಲ್ಫಿಯಾ ಬಿಟ್ಟು ಬೇರೆಲ್ಲೂ ತಯಾರಿಸಲಿಲ್ಲ. 1912ರಲ್ಲಿ ಡೆನ್ವರ್ ಶುರುಮಾಡಿ 84 ಲಕ್ಷ ಮಾಡಿತು. ಸ್ಯಾನ್‌ಫ್ರಾನ್ಸಿಸ್ಕೋ ಅಚ್ಚುಯಂತ್ರ ತಿರುಗಿಸಿದ್ದು ಕ್ರಿಸ್ಮಸ್ಸಿನ ಹಿಂದಿನ ದಿನ. ವರ್ಷ ಮುಗಿಯಲು ವಾರವಷ್ಟೇ ಬಾಕಿ, ನಡುವೆ ಹಬ್ಬದ ರಜೆ ಬೇರೆ. ಹೀಗಾಗಿ 2,38,000ಕ್ಕೆ ನಿಂತಿತು. 1.19 ಟನ್ನು! ಆ ಡಿಸೆಂಬರ್ 28ರಂದು ನಗರದ ಸ್ವಂತ ಟ್ರಾಮ್ ಮೊದಲ ಬಾರಿಗೆ ಓಡಿದಾಗ ಮೇಯರ್ ಜೇಮ್ಸ್ ರಾಲ್ಫ್ ಟಿಕೆಟ್ಟಿಗೆ ಕೊಟ್ಟದ್ದು ಆಗಷ್ಟೇ ಹೊರಬಿದ್ದಿದ್ದ ಈ ನಿಕಲ್‌ಗಳಲ್ಲಿ ಒಂದನ್ನು. ಇಪ್ಪತ್ತನೆಯ ಶತಮಾನದಲ್ಲಿ ಚಲಾವಣೆಯ ಉದ್ದೇಶದಿಂದ ಮಾಡಿದ ನಿಕಲ್‌ಗಳಲ್ಲಿ ಇಷ್ಟು ಕಡಿಮೆ ಸಂಖ್ಯೆಯದು ಇನ್ನೊಂದಿಲ್ಲ.

ಹಾಗಾದರೆ 1964ರಲ್ಲಿ ಆ ಪರಿ ಮಳೆ ಸುರಿದದ್ದೇಕೆ? ದೇಶದಲ್ಲಿ ಚಿಲ್ಲರೆಗೆ ಬರಗಾಲ ಬಂದಿತ್ತು. ಎಲ್ಲಿ ನೋಡಿದರೂ ನಾಣ್ಯ ನುಂಗುವ ಮಾರಾಟಯಂತ್ರಗಳು ಎದ್ದಿದ್ದವು, ಬೆಳ್ಳಿಯ ಬೆಲೆ ಏರುತ್ತಿತ್ತು, ಜನ ಬೆಳ್ಳಿ ನಾಣ್ಯ ಬಚ್ಚಿಡುತ್ತಿದ್ದರು. ಆದರೆ ಸರ್ಕಾರದ ಬೆರಳು ಮುಖ್ಯವಾಗಿ ತೋರಿದ್ದು ಸಂಗ್ರಾಹಕರ ಕಡೆಗೆ. ಟಂಕಸಾಲೆಗಳ ನಿರ್ದೇಶಕಿ ಈವಾ ಆ್ಯಡಮ್ಸ್ ಅವರ ಕಾಲದಲ್ಲಿ ಎರಡು ತೀರ್ಮಾನಗಳಾದವು. 1965 ಬಂದರೂ ನಾಣ್ಯದ ಮೇಲೆ 1964 ಎಂದೇ ಅಚ್ಚೊತ್ತುತ್ತ ಹೋಗುವುದು ಒಂದು. ಟಂಕಸಾಲೆಯ ಗುರುತನ್ನೇ ಅಳಿಸಿಬಿಡುವುದು ಇನ್ನೊಂದು. 1965, 66, 67ರ ಅಮೆರಿಕದ ಯಾವ ನಾಣ್ಯದಲ್ಲೂ ಡಿ ಇಲ್ಲ, ಎಸ್ ಇಲ್ಲ. ಒಂದು ದೊಡ್ಡ ದೇಶದ ಖಜಾನೆ ತನ್ನ ಹವ್ಯಾಸಿಗಳ ಮೇಲೆ ಮುನಿಸಿಕೊಂಡು ಎಳ್ಳುಕಾಳಿನಷ್ಟು ಸಣ್ಣ ಅಕ್ಷರವನ್ನು ಮೂರು ವರ್ಷ ಗಡೀಪಾರು ಮಾಡಿದ ಪ್ರಸಂಗ ಇದು. ಆ ಅಕ್ಷರದ ತೂಕ ಎಷ್ಟೆಂಬುದಕ್ಕೆ ಇದಕ್ಕಿಂತ ದೊಡ್ಡ ಸರ್ಕಾರಿ ಪ್ರಮಾಣಪತ್ರ ಬೇಕಾಗಿಲ್ಲ.

ಮುನಿಸಿಗೆ ಕಾರಣವೂ ಇತ್ತೆನ್ನಿ. 1950ರಲ್ಲಿ ಡೆನ್ವರ್ ಕೇವಲ 26,30,030 ನಿಕಲ್ ಮಾಡಿತು. ಸುದ್ದಿ ಹೊರಬಿದ್ದದ್ದೇ ತಡ, ಜನ ಬ್ಯಾಂಕಿನಿಂದ ನಲವತ್ತು ನಲವತ್ತರ ಸುರುಳಿಗಳನ್ನೇ ಹೊತ್ತುಕೊಂಡು ಹೋಗಿ ಪೆಟ್ಟಿಗೆಯಲ್ಲಿಟ್ಟರು. ಅರವತ್ತರ ದಶಕದ ಮೊದಲ ಭಾಗದಲ್ಲಿ ಆ ಸುರುಳಿಗಳ ಬೆಲೆ ಷೇರುಪೇಟೆಯ ಷೇರಿನಂತೆ ಏರಿ, ಆಮೇಲೆ ಕುಸಿಯಿತು. ಎಲ್ಲರೂ ಎತ್ತಿಟ್ಟ ನಾಣ್ಯ ಎಲ್ಲರ ಬಳಿಯೂ ಇರುತ್ತದಲ್ಲ! ಇವತ್ತು 1950-ಡಿ ಹೊಳಪು ಮಾಸದೆ ಹತ್ತಿಪ್ಪತ್ತು ಡಾಲರಿಗೆ ಸಿಗುತ್ತದೆ. ಸವೆದದ್ದು ಬೇಕೆಂದರೇ ಹುಡುಕಬೇಕು. ಟಂಕಸಾಲೆಯ ಲೆಕ್ಕದಲ್ಲಿ ಕಡಿಮೆ ಇದ್ದ ಮಾತ್ರಕ್ಕೆ ವಿರಳ ಎಂದುಕೊಂಡವರು ಕೈ ಸುಟ್ಟುಕೊಂಡದ್ದು ಹೀಗೆ. 1926-ಎಸ್ ಕತೆ ಇದರ ತಿರುವುಮುರುವು. ಅದನ್ನು ಹೊಸದರಲ್ಲಿ ಯಾರೂ ಎತ್ತಿಡಲಿಲ್ಲ. ಟ್ರಾಮಿನ ಟಿಕೆಟ್ಟಿಗೆ, ಕಾಫಿಗೆ, ಜೂಜುಯಂತ್ರದ ಬಾಯಿಗೆ ಸಿಕ್ಕಿ ಇಡೀ ಲಾರಿ ಸವೆದುಹೋಯಿತು.

ಸವೆಯುವುದರಲ್ಲಿ, ಬೈಸನ್ ಚಿತ್ರದ ಈ ‘ಬಫಲೋ’ ನಿಕಲ್‌ಗೆ ಸಮ ಇಲ್ಲ. ಶಿಲ್ಪಿ ಜೇಮ್ಸ್ ಅರ್ಲ್ ಫ್ರೇಸರ್ ರೂಪಿಸಿದ ಈ ನಾಣ್ಯ 1913ರಿಂದ 1938ರವರೆಗೆ 120 ಕೋಟಿಗೂ ಹೆಚ್ಚು ತಯಾರಾಯಿತು. ನೋಡಲು ಇಷ್ಟು ಚೆಂದದ ನಾಣ್ಯ ಅಮೆರಿಕದಲ್ಲಿ ಕಡಿಮೆ. ಆದರೆ ಫ್ರೇಸರ್ ಇಸವಿಯನ್ನು ಭುಜದ ಉಬ್ಬಿನ ಮೇಲೆಯೇ ಇಟ್ಟುಬಿಟ್ಟಿದ್ದ. ಎತ್ತರದಲ್ಲಿದ್ದದ್ದು ಮೊದಲು ತಿಕ್ಕುತ್ತದೆ. ಮೊದಲ ವರ್ಷವೇ ದೂರು ಬಂದಾಗ ಟಂಕಸಾಲೆಯವರು ಬೈಸನ್ ಬದಿಯ ‘ಐದು ಸೆಂಟ್’ ಬರಹವನ್ನು ತಗ್ಗಿನೊಳಗೆ ಇಳಿಸಿ ಸರಿಮಾಡಿದರು. ಇಸವಿಯನ್ನು ಮಾತ್ರ ಇದ್ದಲ್ಲೇ ಬಿಟ್ಟರು. ಕೋಟಿಗಟ್ಟಲೆ ಬಫಲೋಗಳು ವಯಸ್ಸೇ ಇಲ್ಲದವಾದವು. ಇಸವಿ ಅಳಿದ ಜಾಗಕ್ಕೆ ಫೆರಿಕ್ ಕ್ಲೋರೈಡ್ ಹನಿಸಿದರೆ ಹೋದ ಅಂಕಿಗಳು ಮಸುಕಾಗಿ ಎದ್ದುಬರುತ್ತವೆ, ಏಕೆಂದರೆ ಅಚ್ಚಿನ ಒತ್ತಡ ಬಿದ್ದ ಕಡೆ ಒಳಗಿನ ಲೋಹವೂ ಬದಲಾಗಿರುತ್ತದೆ. ಆದರೆ ರಾಸಾಯನಿಕ ಕಚ್ಚಿದ ಆ ಕಲೆ ಮತ್ತೆ ಹೋಗುವುದಿಲ್ಲ. ಅಂಥ ನಾಣ್ಯವನ್ನು ದರ್ಜೆ ಕೊಡುವವರು ಮುಟ್ಟುವುದೂ ಇಲ್ಲ.

ದರ್ಜೆಯ ಮಾತಿಗೆ ಬಂದೆವು. ಬಫಲೋ ನೋಡುವ ಅನುಭವಿ ಮೊದಲು ಹುಡುಕುವುದು ಬೈಸನ್ನಿನ ಕೊಂಬನ್ನು. ಅರ್ಧ ಕೊಂಬು ಉಳಿದಿದ್ದರೆ ಒಂದು ದರ್ಜೆ, ತುದಿಯವರೆಗೂ ಕಂಡರೆ ಅದಕ್ಕಿಂತ ಮೇಲಿನದು. ಆಮೇಲೆ ಸೊಂಟದ ಉಬ್ಬು, ಬಾಲ, ಇನ್ನೊಂದು ಬದಿಯಲ್ಲಿ ಮೂಲನಿವಾಸಿಯ ಕೆನ್ನೆಯ ಮೂಳೆ, ಜಡೆಯ ಗಂಟು. ಸವಕಲು ಒಂದು ಕಡೆಯಾದರೆ ಅಚ್ಚು ಸರಿಯಾಗಿ ಬೀಳದಿರುವುದು ಇನ್ನೊಂದು ಕಡೆ. ಇಪ್ಪತ್ತರ ದಶಕದ ಡೆನ್ವರ್, ಸ್ಯಾನ್‌ಫ್ರಾನ್ಸಿಸ್ಕೋ ನಿಕಲ್‌ಗಳಲ್ಲಿ ಹಲವು ಟಂಕಸಾಲೆಯಿಂದ ಹೊರಬರುವಾಗಲೇ ಅರೆಬರೆ ಮೂಡಿದ್ದವು. ಎಂದೂ ಕೈ ಬದಲಾಯಿಸದ ನಾಣ್ಯದಲ್ಲೂ ಕೊಂಬು ಕಾಣದೆ ಇರಬಹುದು. ಇದು ಸವೆತವೋ ಹುಟ್ಟಿನ ಕೊರತೆಯೋ ಎಂದು ಬೆಳಕಿನ ಕೆಳಗೆ ಓರೆಯಾಗಿ ಹಿಡಿದು, ಮೈಯ ಹೊಳಪಿನ ಹರಿವು ನೋಡಿ ಹೇಳುವುದೇ ಈ ವಿದ್ಯೆಯ ಕಷ್ಟದ ಪಾಠ.

ದರ್ಜೆಗೆ ಅಂಕ ಕೊಡುವ ಪದ್ಧತಿ ತಂದವನು ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ. ಮನುಷ್ಯರ ಮೈಕಟ್ಟನ್ನು ಮೂರು ಬಗೆಯಾಗಿ ವಿಂಗಡಿಸಿ ಸ್ವಭಾವಕ್ಕೆ ಗಂಟುಹಾಕಲು ಹೊರಟವನೂ ಅವನೇ. 1949ರಲ್ಲಿ ಹಳೆಯ ತಾಮ್ರದ ಸೆಂಟ್‌ಗಳ ಬಗ್ಗೆ ಪುಸ್ತಕ ಬರೆದು 1ರಿಂದ 70ರವರೆಗಿನ ಮಾಪಕ ಕೊಟ್ಟ. ಲೆಕ್ಕ ಸರಳ: ಗುರುತು ಹಿಡಿಯಲಷ್ಟೇ ಸಾಧ್ಯವಾದ ಸೆಂಟ್‌ಗೆ ಒಂದು ಡಾಲರ್ ಆದರೆ, ಅತ್ಯುತ್ತಮವಾದದ್ದಕ್ಕೆ ಎಪ್ಪತ್ತು. (ಇದೇ ಶೆಲ್ಡನ್ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ನೂರಕ್ಕೂ ಹೆಚ್ಚು ಒಳ್ಳೆಯ ಸೆಂಟ್‌ಗಳನ್ನು ಎತ್ತಿಕೊಂಡು, ಬದಲಿಗೆ ತನ್ನ ಕೀಳು ದರ್ಜೆಯವನ್ನು ಇಟ್ಟಿದ್ದನೆಂಬುದು ಅವನು ಸತ್ತ ಮೇಲೆ ಬಯಲಾಯಿತು. ದರ್ಜೆ ಚೆನ್ನಾಗಿಯೇ ಗೊತ್ತಿತ್ತು ಆಸಾಮಿಗೆ.) 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಎಂಬ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ಅಂಕ ಬರೆದು, ಪ್ಲಾಸ್ಟಿಕ್ ಗೂಡಿನಲ್ಲಿ ಮುಚ್ಚಿ ಕೊಡುವ ಉದ್ಯಮ ಶುರುಮಾಡಿದ ಮೇಲೆ ಶೆಲ್ಡನ್ನನ ಅಂಕಗಳು ಪೇಟೆಯ ಭಾಷೆಯಾದವು.

ಆದರೆ ಅವನ ಎಪ್ಪತ್ತು ಪಟ್ಟಿನ ಲೆಕ್ಕ ಏನಾಯಿತು ನೋಡಿ. ನಾಲ್ಕರ ದರ್ಜೆಯ, ಕೊಂಬು ಪೂರ್ತಿ ಹೋದ 1926-ಎಸ್ ಇಪ್ಪತ್ತು ಮೂವತ್ತು ಡಾಲರಿನ ಆಸುಪಾಸಿಗೆ ಸಿಗುತ್ತದೆ. ಮೂರು ಲಕ್ಷ ಇಪ್ಪತ್ತೆರಡು ಸಾವಿರಕ್ಕೆ ಹೋದದ್ದರ ದರ್ಜೆ 66. ಎರಡರ ನಡುವೆ ಹತ್ತು ಸಾವಿರ ಪಟ್ಟು ಅಂತರ. ಅದೂ ಏಣಿಯ ಮೆಟ್ಟಿಲುಗಳು ಸಮವಾಗಿಲ್ಲ. 60ರಿಂದ 70ರವರೆಗಿನ ಹನ್ನೊಂದು ಅಂಕಗಳು ಎಂದೂ ಚಲಾವಣೆಗೆ ಬೀಳದ ನಾಣ್ಯಗಳಿಗೆ ಮೀಸಲು. ಅಲ್ಲಿ 64ಕ್ಕೂ 65ಕ್ಕೂ ಇರುವ ವ್ಯತ್ಯಾಸ ನಮ್ಮ ನಿಮ್ಮ ಬರಿಗಣ್ಣಿಗೆ ಕಾಣುವುದೇ ಇಲ್ಲ. ಚೀಲದಲ್ಲಿ ಪಕ್ಕದ ನಾಣ್ಯ ತಾಗಿ ಆದ ಒಂದೆರಡು ಗೀರು, ಹೊಳಪಿನಲ್ಲಿ ತುಸು ಮಂಕು, ಅಷ್ಟೇ. ಆ ಒಂದು ಅಂಕದ ಮೇಲೆ 1926-ಎಸ್ ಬೆಲೆ ಹಲವು ಪಟ್ಟು ಜಿಗಿಯುತ್ತದೆ. ನಿಜ ಹೇಳಬೇಕೆಂದರೆ, ಇಲ್ಲಿಗೆ ಬಂದಾಗ ಜನ ನಾಣ್ಯಕ್ಕೆ ಹಣ ಕೊಡುತ್ತಿದ್ದಾರೋ ಗೂಡಿನ ಮೇಲಿನ ಚೀಟಿಗೋ ಎಂಬ ಅನುಮಾನ ನನಗೆ ಇನ್ನೂ ಹೋಗಿಲ್ಲ.

1938ರಲ್ಲಿ ಬಂದ ಜೆಫರ್ಸನ್ ನಿಕಲ್‌ನಲ್ಲಿ ಕೊಂಬಿನ ಜಾಗಕ್ಕೆ ಮೆಟ್ಟಿಲು ಬಂತು. ಹಿಂಬದಿಯಲ್ಲಿ ಜೆಫರ್ಸನ್ನರ ಮಾಂಟಿಚೆಲ್ಲೋ ಮನೆಯ ಚಿತ್ರವಿದೆ; ಅದರ ಮುಂದಿನ ಮೆಟ್ಟಿಲುಗಳಲ್ಲಿ ಐದಾದರೂ ಕಡಿಯದೆ ಮೂಡಿವೆಯೇ ಎಂದು ಭೂತಗನ್ನಡಿಯಲ್ಲಿ ಎಣಿಸುತ್ತಾರೆ. 1953ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಮಾಡಿದ್ದು 1 ಕೋಟಿ 92 ಲಕ್ಷ. ಐದು ಮೆಟ್ಟಿಲು ಉಳಿದವು ಕೆಲವೇ ಡಜನ್ ಸಿಕ್ಕಿವೆ.

ಇನ್ನು ಆ ಅಕ್ಷರ ನಾಣ್ಯಕ್ಕೆ ಬೀಳುತ್ತಿದ್ದ ಬಗೆ. ಯಾವ ಊರಿನ ಟಂಕಸಾಲೆಗಾದರೂ ಅಚ್ಚು ತಯಾರಾಗುತ್ತಿದ್ದದ್ದು ಫಿಲಡೆಲ್ಫಿಯಾದಲ್ಲೇ. 1990ರ ಸುಮಾರಿನವರೆಗೂ, ಸಿದ್ಧವಾದ ಒಂದೊಂದು ಅಚ್ಚಿನ ಮೇಲೂ ಕೆಲಸಗಾರನೊಬ್ಬ ಅಕ್ಷರದ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದ. ಒಂದು ಅಚ್ಚು ಎರಡು ಲಕ್ಷ ನಾಣ್ಯ ಕೊಡುತ್ತದೆ ಎಂದು ಹಿಡಿದರೆ, 1964ರ ಡೆನ್ವರ್ ರಾಶಿಯೊಂದಕ್ಕೇ ಸುಮಾರು ಒಂಬತ್ತು ಸಾವಿರ ಸಲ ‘ಡಿ’ ಬಡಿಯಬೇಕು. ಉಳಿ ಒಮ್ಮೆ ಜಾರಿ, ಸರಿಮಾಡಲು ಮತ್ತೆ ಹೊಡೆದರೆ, ಆ ಜೋಡಿ ಅಕ್ಷರ ಎರಡು ಲಕ್ಷ ಸಲ ಮರುಹುಟ್ಟು ಪಡೆಯುತ್ತದೆ. ಸಂಗ್ರಾಹಕರು ಬೆನ್ನುಹತ್ತುವುದು ಇಂಥವನ್ನೇ.

ಕೆಲವು ತಪ್ಪು ಕೈಜಾರಿ ಆದದ್ದಲ್ಲ, ಜಿಪುಣತನದಿಂದ. 1938ರಲ್ಲಿ ಬಫಲೋ ಕೊನೆಯಾಗುತ್ತಿದ್ದಾಗ ಸ್ಯಾನ್‌ಫ್ರಾನ್ಸಿಸ್ಕೋಗೆಂದು ಎಸ್ ಹೊಡೆದ ಅಚ್ಚುಗಳು ಮಿಕ್ಕಿದ್ದವು. ಉಕ್ಕು ಹಾಳುಮಾಡುವುದೇಕೆಂದು ಎಸ್ ಮೇಲೆಯೇ ಡಿ ಬಡಿದು ಡೆನ್ವರ್‌ಗೆ ಕಳಿಸಿದರು. ಆ ವರ್ಷ ಡೆನ್ವರ್ ಮಾಡಿದ 70 ಲಕ್ಷ ಬಫಲೋಗಳಲ್ಲಿ ಒಂದು ಪಾಲಿಗೆ ಡಿ ಹೊಟ್ಟೆಯೊಳಗೆ ಎಸ್‌ನ ಬೆನ್ನು ಇಣುಕುತ್ತದೆ. ಅಮೆರಿಕದ ಇಡೀ ನಾಣ್ಯಲೋಕ ಆ 70 ಲಕ್ಷವನ್ನು ಎಣಿಸುತ್ತ, ಕೊಳ್ಳುತ್ತ, ಮಾರುತ್ತ ಎರಡು ದಶಕಕ್ಕೂ ಹೆಚ್ಚು ಕಾಲ ಕಳೆಯಿತು. ಅರವತ್ತರ ದಶಕದ ಮೊದಲವರೆಗೆ ಯಾರೂ ಅದನ್ನು ಕಾಣಲಿಲ್ಲ. ಕಂಡದ್ದೇ ತಡ, ಎಲ್ಲರೂ ಭೂತಗನ್ನಡಿ ಹಿಡಿದು ಹಳೆಯ ಡಬ್ಬಿಗಳಿಗೆ ಕೈಹಾಕಿದರು. 1949ರ ಡಿಯಲ್ಲಿ ಎಸ್, 1954ರ ಎಸ್‌ನಲ್ಲಿ ಡಿ, 1955ರ ಡಿಯಲ್ಲಿ ಮತ್ತೆ ಎಸ್ ಸಿಕ್ಕಿದವು.

1937ರದು ಬೇರೆ ಕತೆ. ಡೆನ್ವರಿನಲ್ಲಿ ನಡುವೆ ಬಿಲ್ಲೆ ಇಲ್ಲದೆ ಎರಡು ಅಚ್ಚುಗಳು ಒಂದಕ್ಕೊಂದು ಬಡಿದು ಕಲೆಯಾದವು. ಕಲೆ ತೆಗೆಯಲು ಉಜ್ಜಿದಾತ ತುಸು ಜಾಸ್ತಿಯೇ ಉಜ್ಜಿದ. ಬೈಸನ್ನಿನ ಮುಂಗಾಲೊಂದು ಹೋಯಿತು, ಗೊರಸು ಮಾತ್ರ ಉಳಿಯಿತು. ಆ ವರ್ಷದ 1 ಕೋಟಿ 78 ಲಕ್ಷ ಡಿ ನಿಕಲ್‌ಗಳಲ್ಲಿ ಈ ಒಂದೇ ಅಚ್ಚಿನಿಂದ ಬಂದ ಮೂರು ಕಾಲಿನ ಬೈಸನ್‌ಗಳಿಗೆ ನೂರಾರು, ಸಾವಿರಾರು ಡಾಲರ್. ಮೋಸಗಾರರು ಸುಮ್ಮನಿರುತ್ತಾರೆಯೇ? ಸಾಧಾರಣ ನಿಕಲ್‌ನ ಕಾಲು ಅರೆದು ಮಾರತೊಡಗಿದರು. ಆದರೆ ಅಸಲಿಯ ಹೊಟ್ಟೆಯ ಕೆಳಗೆ ಉಬ್ಬಿದ ಚುಕ್ಕಿಗಳ ಸಾಲೊಂದು ಇದೆ, ಬೈಸನ್ ಉಚ್ಚೆ ಹೊಯ್ಯುತ್ತಿರುವಂತೆ. ಅಚ್ಚಿನ ಮೇಲಾದ ತಗ್ಗು ನಾಣ್ಯದಲ್ಲಿ ಉಬ್ಬಾಗಿ ಮೂಡಿದ್ದದು. ಲೋಹ ಅರೆದು ಕಾಲು ಕಳೆಯಬಹುದು. ಅರೆದು ಉಬ್ಬು ತರುವುದು ಹೇಗೆ?

ಅದಕ್ಕೂ ಉಪಾಯ ಕಂಡವರಿದ್ದಾರೆ. 1.95 ಮಿಲಿಮೀಟರ್ ದಪ್ಪದ ಅಂಚಿನಲ್ಲಿ ಸಣ್ಣ ರಂಧ್ರ ಕೊರೆದು, ಒಳಗಿನಿಂದ ಸಲಕರಣೆ ತೂರಿಸಿ, ಲೋಹವನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ‘ಎಸ್’ ಎಬ್ಬಿಸಿ, ರಂಧ್ರ ಮುಚ್ಚಿಬಿಡುತ್ತಾರೆ. ಹೀಗಾಗಿ ದುಬಾರಿ ಬಫಲೋ ಕೊಳ್ಳುವವರು ಅಕ್ಷರಕ್ಕಿಂತ ಮೊದಲು ಅಂಚನ್ನು ತಿರುಗಿಸಿ ನೋಡುತ್ತಾರೆ.

ಅಕ್ಷರವೇ ಇಲ್ಲದೆ ಎಲ್ಲಕ್ಕಿಂತ ಮೇಲೆ ಕುಳಿತ ನಿಕಲ್‌ಗಳೂ ಇವೆ: 1913ರ ಇಸವಿಯ, ಬಫಲೋಗೆ ಮೊದಲಿದ್ದ ಲಿಬರ್ಟಿ ತಲೆಯ ಚಿತ್ರದವು. ಆ ವರ್ಷ ಬಫಲೋ ಬಂದಿದ್ದರಿಂದ ಲಿಬರ್ಟಿ ನಿಕಲ್ ಅಧಿಕೃತವಾಗಿ ತಯಾರಾಗಲೇ ಇಲ್ಲ. ಆದರೂ ಐದು ಇವೆ. ಟಂಕಸಾಲೆಯಲ್ಲಿ ನೌಕರನಾಗಿದ್ದ ಸ್ಯಾಮ್ಯುಯೆಲ್ ಬ್ರೌನ್ 1919ರಲ್ಲಿ ಅಂಥ ನಾಣ್ಯ ಕೊಳ್ಳುವುದಾಗಿ ಜಾಹೀರಾತು ಕೊಟ್ಟು, ಮರುವರ್ಷ ತಾನೇ ತಂದು ತೋರಿಸಿದ. ಮುಂದೆ ಐದೂ ಒಬ್ಬನ ಕೈಸೇರಿದವು, ಸಿರಿವಂತೆ ಹೆಟಿ ಗ್ರೀನ್‌ಳ ಮಗ ಎಡ್ವರ್ಡ್ ಗ್ರೀನ್. ಐದೂ ಅವನ ಬಳಿ ಇದ್ದ ಕಾಲದಲ್ಲೇ ಟೆಕ್ಸಸ್‌ನ ವ್ಯಾಪಾರಿ ಮ್ಯಾಕ್ಸ್ ಮೆಲ್ ದೇಶವಿಡೀ ಜಾಹೀರಾತು ಹಾಕಿ ತಂದುಕೊಟ್ಟವರಿಗೆ 50 ಡಾಲರ್ ಎಂದ. ಸಿಗುವುದಿಲ್ಲವೆಂದು ಗೊತ್ತಿದ್ದೇ ಹೇಳಿದ ಮಾತು. ಮಾರಬೇಕಿದ್ದದ್ದು ಅವನ ನಾಣ್ಯದ ಪುಸ್ತಕ. ಟ್ರಾಮ್ ಕಂಡಕ್ಟರುಗಳು ಬಂಡಿ ನಿಲ್ಲಿಸಿ ಚಿಲ್ಲರೆ ತಡಕುತ್ತಿದ್ದರೆಂದು ಹೇಳುವುದುಂಟು.

ಐದರ ಒಟ್ಟು ತೂಕ 25 ಗ್ರಾಂ, ಎರಡು ತೊಲಕ್ಕೆ ತುಸು ಹೆಚ್ಚು. ಅವುಗಳಲ್ಲಿ ಒಂದು 1996ರಲ್ಲಿ 14,85,000 ಡಾಲರಿಗೆ ಮಾರಾಟವಾಗಿ, ಹತ್ತು ಲಕ್ಷ ಡಾಲರ್ ದಾಟಿದ ಮೊದಲ ನಾಣ್ಯವಾಯಿತು. 2018ರಲ್ಲಿ ಅದೇ ನಾಣ್ಯ 45,60,000 ಡಾಲರಿಗೆ ಹೋಯಿತು: ಗ್ರಾಮಿಗೆ 9,12,000 ಡಾಲರ್, ಮುಖಬೆಲೆಯ 9 ಕೋಟಿ 12 ಲಕ್ಷ ಪಟ್ಟು. ಇನ್ನೊಂದು, ಒಡೆಯ ಜಾರ್ಜ್ ವಾಲ್ಟನ್ 1962ರಲ್ಲಿ ಕಾರು ಅಪಘಾತದಲ್ಲಿ ಸತ್ತಾಗ ಕಾರಿನಲ್ಲೇ ಇತ್ತು. ಪರೀಕ್ಷಿಸಿದವರು ಇಸವಿ ತಿದ್ದಿದ ನಕಲಿ ಎಂದರು. ಸೋದರಿ ಅದನ್ನು ಲಕೋಟೆಯಲ್ಲಿ ಹಾಕಿ ಕಪಾಟಿನಲ್ಲಿಟ್ಟರು. 2003ರಲ್ಲಿ ಬಾಲ್ಟಿಮೋರಿನಲ್ಲಿ ಉಳಿದ ನಾಲ್ಕರ ಪಕ್ಕದಲ್ಲಿಟ್ಟು ನೋಡಿದಾಗ ಅಸಲಿಯೆಂದು ತಿಳಿಯಿತು. 2013ರ ಹರಾಜಿನಲ್ಲಿ ಬಂದದ್ದು 31,72,500 ಡಾಲರ್.

ಕೊನೆಗೆ ಯುದ್ಧಕಾಲದ ನಿಕಲ್. 1942ರಲ್ಲಿ ನಿಕಲ್ ಲೋಹ ರಕ್ಷಾಕವಚಗಳಿಗೆ ಬೇಕಾಯಿತು. ನಾಣ್ಯದಿಂದ ಅದನ್ನು ಪೂರ್ತಿ ತೆಗೆದು 56 ಪಾಲು ತಾಮ್ರ, 35 ಬೆಳ್ಳಿ, 9 ಮ್ಯಾಂಗನೀಸ್ ಬೆರೆಸಿದರು. (ನಮ್ಮ ಅರ್ಧಾಣೆ, ಒಂದಾಣೆ, ಎರಡಾಣೆಗಳೂ ಅದೇ ವರ್ಷ ನಿಕಲ್-ಹಿತ್ತಾಳೆಗೆ ತಿರುಗಿದವು.) 1945 ಮುಗಿಯುವ ಹೊತ್ತಿಗೆ ಇಂಥವು ಸುಮಾರು 87 ಕೋಟಿ ಬಂದವು. ಒಂದೊಂದರಲ್ಲಿ 1.75 ಗ್ರಾಂ ಬೆಳ್ಳಿ. ಒಟ್ಟು 1,500 ಟನ್ನಿಗೂ ಹೆಚ್ಚು ಬೆಳ್ಳಿ ಐದು ಸೆಂಟಿನ ಚಿಲ್ಲರೆಯೊಳಗೆ ಹೋಯಿತು, ಸಾವಿರ ಟನ್ನಿನಷ್ಟು ನಿಕಲ್ ಉಳಿಯಿತು. ಮುಂದೊಂದು ದಿನ ಬೆಳ್ಳಿಯವನ್ನು ಬೇರ್ಪಡಿಸಲು ಸುಲಭವಾಗಲೆಂದು ಮಾಂಟಿಚೆಲ್ಲೋ ಗುಮ್ಮಟದ ಮೇಲೆ ದೊಡ್ಡ ಅಕ್ಷರ ಹಾಕಿದರು. ಫಿಲಡೆಲ್ಫಿಯಾ ತನ್ನ ‘ಪಿ’ಯನ್ನು ಅಮೆರಿಕದ ನಾಣ್ಯವೊಂದರ ಮೇಲೆ ಹಾಕಿದ್ದು ಅದೇ ಮೊದಲು.

ನ್ಯೂಜೆರ್ಸಿಯ ಫ್ರಾನ್ಸಿಸ್ ಹೆನ್ನಿಂಗ್‌ಗೆ ಇದು ಹೊಳೆಯಲಿಲ್ಲ. ಐವತ್ತರ ದಶಕದಲ್ಲಿ ಅವನು ನಕಲಿ ನಿಕಲ್ ಅಚ್ಚುಹಾಕುತ್ತಿದ್ದ. ದೊಡ್ಡ ನೋಟು ಬಿಟ್ಟು ಐದು ಸೆಂಟ್! ಯಾರೂ ತಿರುಗಿ ನೋಡಲಾರರೆಂಬ ಲೆಕ್ಕ ಸರಿಯೇ ಇತ್ತು. ಆದರೆ ಸಾವಿರ ಡಾಲರ್ ಮಾಡಲು 20,000 ನಾಣ್ಯ, 100 ಕಿಲೋ ಲೋಹ ಬೇಕು. ಹಲವು ಇಸವಿಗಳನ್ನು ಮಾಡಿದ, ಅವುಗಳಲ್ಲಿ 1944 ಒಂದು. ಅದರ ಹಿಂಬದಿಗೆ ಬೇರೆ ವರ್ಷದ ಅಚ್ಚನ್ನೇ ಬಳಸಿದ. ಗುಮ್ಮಟದ ಮೇಲೆ ಪಿ ಇರಲಿಲ್ಲ. ಅದು ಸಂಗ್ರಾಹಕರ ಕಣ್ಣಿಗೆ ಬಿತ್ತು. 1955ರಲ್ಲಿ ಅವನು ಸಿಕ್ಕಿಬಿದ್ದ. ಅಷ್ಟರಲ್ಲಿ ಮೂಟೆಗಟ್ಟಲೆ ನಕಲಿಗಳನ್ನು ನದಿಗೆ ಸುರಿದಿದ್ದ. ಸಿಕ್ಕ ಶಿಕ್ಷೆ ಮೂರು ವರ್ಷ ಜೈಲು, 5,000 ಡಾಲರ್ ದಂಡ. ನಿಕಲ್ ಲೆಕ್ಕದಲ್ಲಿ ಆ ದಂಡ ಅರ್ಧ ಟನ್. ಈಗ ಸವೆದ ಅಸಲಿ 1944ರ ಪಿ ನಿಕಲ್‌ಗೆ ಅದರೊಳಗಿನ ಬೆಳ್ಳಿಯಷ್ಟೇ ಬೆಲೆ. ಪಿ ಇಲ್ಲದ ಹೆನ್ನಿಂಗ್ ನಿಕಲ್ ಹುಡುಕುವವರು ಅದಕ್ಕಿಂತ ಎಷ್ಟೋ ಹೆಚ್ಚು ಕೊಟ್ಟು ಒಯ್ಯುತ್ತಾರೆ.